ಒಟ್ಟಿಗೆ ಬೆಳೆದವರ ಪ್ರೇಮಕಥೆ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದೇ ಮನೆಯಲ್ಲೋ ಅಕ್ಕಪಕ್ಕದ ಮನೆಗಳಲ್ಲೋ ಒಟ್ಟಿಗೆ ಬೆಳೆದ ಇಬ್ಬರು, ದೊಡ್ಡವರಾದ ಮೇಲೆ, ಕೂಡದು ಎಂದು ಎಲ್ಲರೂ ಹೇಳುವ ಪ್ರೀತಿಯಲ್ಲಿ ಬೀಳುತ್ತಾರೆ. ಕಥೆ ಇಷ್ಟೇ. ಹೇಳಿ ಮುಗಿಸಲು ಅರ್ಧ ನಿಮಿಷ ಸಾಕು; ಕಾದಂಬರಿಕಾರರು ಇದಕ್ಕೆ ನಾನೂರು ಪುಟ ಕೇಳುತ್ತಾರೆ. ಆ ನಾನೂರು ಪುಟಗಳಲ್ಲಿ ಏನಾಗಬೇಕು, ಕೆಲವು ಕಾದಂಬರಿಗಳಲ್ಲಿ ಏನೂ ಆಗದೆ ಹೋಗುವುದೇಕೆ ಎಂಬುದು ಇಂದಿನ ಮಾತು.

1814ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ ಅವರ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಒಂದು ಚರ್ಚೆ ನಡೆಯುತ್ತದೆ. ಬಡ ಸಂಬಂಧಿಕರ ಮಗಳು ಫ್ಯಾನಿಯನ್ನು ಶ್ರೀಮಂತ ಮನೆಯೊಂದು ತಂದು ಸಾಕಲು ಹೊರಟಿದೆ. ಮನೆಯ ಯಜಮಾನನಿಗೆ ಒಂದೇ ಆತಂಕ: ಮನೆಯಲ್ಲಿ ಇಬ್ಬರು ಗಂಡುಮಕ್ಕಳಿದ್ದಾರೆ, ಮುಂದೆ ಪ್ರೇಮ ಗೀಮ ಎಂದು ಏನಾದರೂ ಹುಟ್ಟಿಕೊಂಡರೆ? ಆಗ ಫ್ಯಾನಿಯ ದೊಡ್ಡಮ್ಮ ಶ್ರೀಮತಿ ನಾರಿಸ್ ಧೈರ್ಯ ಹೇಳುತ್ತಾಳೆ. ಅಣ್ಣತಂಗಿಯರಂತೆ ಒಟ್ಟಿಗೆ ಬೆಳೆಸಿಬಿಟ್ಟರೆ ಆ ಅಪಾಯವೇ ಇಲ್ಲ. ಅದರ ಬದಲು ಏಳು ವರ್ಷ ಕಳೆದ ಮೇಲೆ ಹುಡುಗರು ಅವಳನ್ನು ಮೊದಲ ಸಲ ನೋಡಿದರೆ ಆಗ ಫಜೀತಿ ಖಂಡಿತ ಎಂಬುದು ಅವಳ ವಾದ. ನಾರಿಸ್ ಒಳ್ಳೆಯ ಹೆಂಗಸಲ್ಲ. ಜಿಪುಣಿ, ಚಾಡಿಕೋರಿ. ಆದರೆ ಈ ಜಾತಿಯ ಕಾದಂಬರಿಯ ಗುಟ್ಟನ್ನು ಅವಳಷ್ಟು ಚೆನ್ನಾಗಿ ಹೇಳಿದ ವಿಮರ್ಶಕರು ಕಡಿಮೆ.

ಅವಳ ಮಾತಿನ ಮೊದಲ ಅರ್ಧಕ್ಕೆ ಮುಂದೆ ಶಾಸ್ತ್ರದ ಬೆಂಬಲವೂ ಸಿಕ್ಕಿತು. ಎಡ್ವರ್ಡ್ ವೆಸ್ಟರ್‌ಮಾರ್ಕ್ ಎಂಬ ಫಿನ್ಲೆಂಡಿನ ವಿದ್ವಾಂಸರು 1891ರಲ್ಲಿ ಮದುವೆಯ ಇತಿಹಾಸ ಕುರಿತ ತಮ್ಮ ಗ್ರಂಥದಲ್ಲಿ, ಎಳವೆಯಿಂದ ಒಂದೇ ಸೂರಿನಡಿ ಬೆಳೆದವರಲ್ಲಿ ಪರಸ್ಪರ ಆಕರ್ಷಣೆ ಹುಟ್ಟುವುದಿಲ್ಲ ಎಂದು ವಾದಿಸಿದರು. ರಕ್ತಸಂಬಂಧ ಇಲ್ಲದಿದ್ದರೂ ಹಾಗೆಯೇ ಎಂದರು. ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮೂಹಿಕ ವಸತಿಗಳಲ್ಲಿ ಮಕ್ಕಳು ತಂದೆತಾಯಿಯ ಮನೆಯಲ್ಲಿ ಮಲಗದೆ, ಒಂದೇ ವಯಸ್ಸಿನವರ ಗುಂಪಾಗಿ ಮಕ್ಕಳ ಮನೆಯಲ್ಲಿ ಬೆಳೆಯುತ್ತಿದ್ದರು. ಅಲ್ಲಿ ಬೆಳೆದವರ 2,769 ಮದುವೆಗಳನ್ನು ಜೋಸೆಫ್ ಶೆಫರ್ ಎಂಬ ಸಂಶೋಧಕರು ಪರಿಶೀಲಿಸಿ 1971ರಲ್ಲಿ ಪ್ರಕಟಿಸಿದರು. ಬಾಲ್ಯದ ಮೊದಲ ಆರು ವರ್ಷಗಳನ್ನು ಬಿಡುವಿಲ್ಲದೆ ಒಂದೇ ಗುಂಪಿನಲ್ಲಿ ಕಳೆದವರು ತಮ್ಮತಮ್ಮಲ್ಲೇ ಮದುವೆಯಾದ ಉದಾಹರಣೆ ಅವುಗಳಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಯಾರೂ ಅಡ್ಡಿ ಹೇಳಿರಲಿಲ್ಲ, ಕಾನೂನೂ ತಡೆದಿರಲಿಲ್ಲ. ಅವರಿಗೇ ಬೇಡವಾಗಿತ್ತು. ಕಾರಣ ಏನೆಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ, ಅದು ಬೇರೆ ಮಾತು.

ಹಾಗಾದರೆ ಕಾದಂಬರಿಕಾರರ ಪಾಡೇನು? ಒಟ್ಟಿಗೆ ಬೆಳೆದದ್ದೇ ಪ್ರೇಮಕ್ಕೆ ಕಾರಣ ಎಂದು ಅವರು ಭಾವಿಸಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಅದು ಪ್ರೇಮಕ್ಕೆ ಮೊದಲ ಅಡ್ಡಿ. ಜ್ವರದಲ್ಲಿ ಕನವರಿಸಿದ್ದನ್ನು ಕೇಳಿಸಿಕೊಂಡವರು, ಪರೀಕ್ಷೆಯಲ್ಲಿ ನಪಾಸಾದಾಗ ಗೇಲಿ ಮಾಡಿದವರು, ಸುಳ್ಳು ಹೇಳುವಾಗ ಮೂಗು ಹೇಗೆ ಅರಳುತ್ತದೆ ಎಂದು ಬಲ್ಲವರು. ಇಂಥವರ ಬಗ್ಗೆ ಬೆರಗು ಹುಟ್ಟುವುದು ಎಲ್ಲಿಂದ? ಬೆರಗಿಲ್ಲದೆ ಪ್ರೇಮ ಶುರುವಾಗುವುದಿಲ್ಲ. ಆದ್ದರಿಂದ ಇಂಥ ಕಾದಂಬರಿ ಮೊದಲು ಇಬ್ಬರನ್ನೂ ಪರಸ್ಪರ ಅಪರಿಚಿತರನ್ನಾಗಿ ಮಾಡಬೇಕು. ಈ ಪ್ರಕಾರದ ನಿಧಾನವೆಲ್ಲ ಅಲ್ಲಿಂದಲೇ ಬರುವುದು.

ಇದಕ್ಕೆ ಹಳೆಯ ಉಪಾಯ, ಒಬ್ಬರನ್ನು ದೂರ ಕಳಿಸುವುದು. ಶ್ರೀಮತಿ ನಾರಿಸ್ ಹೇಳಿದ ಏಳು ವರ್ಷ ಎಂದಿಟ್ಟುಕೊಳ್ಳಿ. ಶರತ್‌ಚಂದ್ರ ಚಟ್ಟೋಪಾಧ್ಯಾಯರ 1917ರ ‘ದೇವದಾಸ’ದಲ್ಲಿ ಹುಡುಗನನ್ನು ಓದಲು ಕಲಕತ್ತೆಗೆ ಅಟ್ಟುತ್ತಾರೆ. ಎಮಿಲಿ ಬ್ರಾಂಟೆಯ 1847ರ ‘ವುದರಿಂಗ್ ಹೈಟ್ಸ್’ನಲ್ಲಿ, ಕ್ಯಾಥರೀನ್‌ಳ ಮನೆಯಲ್ಲಿ ಅವಳೊಂದಿಗೆ ಬೆಳೆದ ಹೀತ್‌ಕ್ಲಿಫ್ ಮೂರು ವರ್ಷ ಕಣ್ಮರೆಯಾಗುತ್ತಾನೆ. ಎಲ್ಲಿದ್ದ, ದುಡ್ಡು ಹೇಗೆ ಗಳಿಸಿದ ಎಂದು ಲೇಖಕಿ ಕೊನೆಯವರೆಗೂ ಹೇಳುವುದಿಲ್ಲ. ಲೆಕ್ಕ ಕೊಡದೆ ಉಳಿಸಿದ ಆ ಮೂರು ವರ್ಷವೇ ಅವನನ್ನು ಹೊಸಬನನ್ನಾಗಿ ಮಾಡುತ್ತದೆ. ಈಗಿನ ಕಾದಂಬರಿಗಳಲ್ಲಿ ಈ ಕೆಲಸಕ್ಕೆ ಹಾಸ್ಟೆಲು, ಪರದೇಶದ ಉದ್ಯೋಗ, ಸೈನ್ಯ ಇವೆ. ನಾಯಕ ಹೊಸ ಗಡ್ಡ ಬಿಟ್ಟುಕೊಂಡು ರೈಲಿನಿಂದ ಇಳಿಯುತ್ತಾನೆ, ನಾಯಕಿಯ ಉಸಿರು ಕಟ್ಟುತ್ತದೆ. ನನಗೆ ಈ ರೈಲುಗಳ ಬಗ್ಗೆ ಬೇಸರ ಬಂದಿದೆ ಎಂದು ಹೇಳಿಬಿಡುತ್ತೇನೆ. ದೂರ ಹೋಗಿ ಬರುವುದು ಮೈಯನ್ನು ಬದಲಿಸೀತು. ಕಣ್ಣು ಬದಲಾಗುವುದನ್ನು ಬರೆಯುವುದು ಕಷ್ಟದ ಕೆಲಸ.

ನಿಜವಾದ ಕಸುಬುಗಾರರು ಯಾರನ್ನೂ ಎಲ್ಲಿಗೂ ಕಳಿಸದೆ ಇದನ್ನು ಸಾಧಿಸುತ್ತಾರೆ. ಇಬ್ಬರೂ ಅದೇ ಮನೆಯಲ್ಲಿದ್ದಾರೆ. ಇಷ್ಟು ವರ್ಷ ಬಾಗಿಲು ತಟ್ಟದೆ ಒಳಗೆ ನುಗ್ಗುತ್ತಿದ್ದವಳು ಒಂದು ದಿನ ಬಾಗಿಲು ತಟ್ಟುತ್ತಾಳೆ. ಏಕೆ ತಟ್ಟಿದೆ ಎಂದು ಅವಳಿಗೂ ಗೊತ್ತಿಲ್ಲ. ಒಳಗಿದ್ದವನು ಒಂದು ಕ್ಷಣ ತಡೆದು ‘ಬಾ’ ಎನ್ನುತ್ತಾನೆ. ಅಷ್ಟೇ. ಒಳ್ಳೆಯ ಕಾದಂಬರಿಯಲ್ಲಿ ಇದು ಒಂದು ಇಡೀ ಅಧ್ಯಾಯದ ಘಟನೆ. ಇನ್ನೊಮ್ಮೆ, ಅವನ ಮಾತಿಗೆ ಹೊರಗಿನವರು ಯಾರೋ ಗಂಭೀರವಾಗಿ ಕಿವಿಗೊಡುವುದನ್ನು ಅವಳು ದೂರದಿಂದ ನೋಡುತ್ತಾಳೆ. ತಾನು ಯಾವಾಗಲೂ ಅರ್ಧಕ್ಕೆ ತುಂಡರಿಸುತ್ತಿದ್ದ ಮಾತು ಅದು. ಗೊತ್ತಿರುವವರನ್ನು ಬೇರೆಯವರ ಕಣ್ಣಿನಿಂದ ನೋಡುವ ಈ ಗಳಿಗೆಗೆ ಯಾವ ರೈಲೂ ಸಾಟಿಯಲ್ಲ.

ನಿಧಾನ ಎನ್ನುವುದನ್ನು ಹಲವರು ತಡ ಎಂದು ತಿಳಿದಿದ್ದಾರೆ. ಇನ್ನೇನು ಮನಸ್ಸು ಬಿಚ್ಚಬೇಕು, ಅಷ್ಟರಲ್ಲಿ ಫೋನು ಬರುತ್ತದೆ. ಮತ್ತೆ ಬಿಚ್ಚಬೇಕು, ತಮ್ಮ ಒಳಗೆ ಬರುತ್ತಾನೆ. ಮೂರನೆಯ ಸಲ ಮಳೆ. ಇದು ಓದುಗರನ್ನು ಬಸ್ ನಿಲ್ದಾಣದಲ್ಲಿ ಕೂರಿಸಿದ ಹಾಗೆ. ನಿಜವಾದ ನಿಧಾನದಲ್ಲಿ ಪ್ರತಿ ಹತ್ತು ಪುಟಕ್ಕೆ ಏನೋ ಒಂದು ಬದಲಾಗುತ್ತದೆ ಮತ್ತು ಬದಲಾದದ್ದು ಹಿಂದಕ್ಕೆ ಹೋಗುವುದಿಲ್ಲ. ಬಾಗಿಲು ಒಮ್ಮೆ ತಟ್ಟಿದ ಮೇಲೆ ತಟ್ಟದ ಕಾಲಕ್ಕೆ ಮರಳಲಾಗದು.

ಇಲ್ಲಿ ಆಸ್ಟೆನ್ ಅವರ ಮೇಲೆಯೂ ನನಗೆ ಒಂದು ತಕರಾರಿದೆ. ಫ್ಯಾನಿಯ ಮನಸ್ಸು ಕರಗುವುದನ್ನು ಅವರು ಇಡೀ ಕಾದಂಬರಿಯುದ್ದಕ್ಕೂ ತಾಳ್ಮೆಯಿಂದ ತೋರಿಸುತ್ತಾರೆ. ಆ ಮನೆಯ ಕಿರಿಯ ಮಗ ಎಡ್ಮಂಡನ ಮನಸ್ಸು ಬೇರೊಬ್ಬಳಿಂದ ಫ್ಯಾನಿಯತ್ತ ತಿರುಗುವ ಹೊತ್ತಿಗೆ ಮಾತ್ರ, ಇಂಥ ಗಾಯ ಮಾಯಲು ಒಬ್ಬೊಬ್ಬರಿಗೆ ಒಂದೊಂದು ಕಾಲ ಬೇಕು, ದಿನಾಂಕವನ್ನು ನಾನು ಬೇಕೆಂದೇ ಹೇಳುವುದಿಲ್ಲ, ನಿಮಗೆ ಸರಿಕಂಡಷ್ಟು ಇಟ್ಟುಕೊಳ್ಳಿ ಎಂಬ ಅರ್ಥದ ಮಾತು ಹೇಳಿ ನಗುತ್ತಾ ಜಾರಿಕೊಳ್ಳುತ್ತಾರೆ. ಜಾಣತನ ನಿಜ. ಆದರೆ ತಂಗಿಯಂತೆ ಕಂಡವಳನ್ನು ಹೆಂಡತಿಯಾಗಿ ಕಾಣುವ ತನಕದ ದಾರಿ ಈ ಪ್ರಕಾರದ ಅತಿ ಕಷ್ಟದ ದಾರಿ. ಆಸ್ಟೆನ್ ಅದನ್ನು ದಾಟಿಸದೆ ನಮ್ಮನ್ನು ನೇರವಾಗಿ ಆಚೆ ದಡದಲ್ಲಿ ಇಳಿಸಿದರು.

ಇನ್ನು ನಿಷೇಧದ ಮಾತು. ಜಾತಿ, ಮತ, ಅಂತಸ್ತು, ಮನೆತನದ ದ್ವೇಷ, ತಂದೆ ಅಥವಾ ತಾಯಿಯ ಮರುಮದುವೆಯಿಂದ ಬಂದ ನಂಟು, ಸಾಕಿದ ಮನೆಯ ಋಣ: ಪಟ್ಟಿ ಉದ್ದ. ಯಾವ ನಿಷೇಧ ಎಂಬುದು ನನಗೆ ಅಷ್ಟು ಮುಖ್ಯವಲ್ಲ. ಅದು ಎಲ್ಲಿ ಕುಳಿತಿದೆ ಎಂಬುದು ಮುಖ್ಯ. ಪರ್ಷಿಯನ್ ಕವಿ ನಿಜಾಮಿ 1188ರಲ್ಲಿ ಬರೆದ ಲೈಲಾ ಮಜ್ನೂ ಕಾವ್ಯದಲ್ಲಿ ಇಬ್ಬರೂ ಒಂದೇ ಪಾಠಶಾಲೆಯ ಮಕ್ಕಳು. ತಡೆಯುವವನು ಲೈಲಾಳ ತಂದೆ, ಹೊರಗೆ ನಿಂತಿದ್ದಾನೆ. ಕಾವ್ಯಕ್ಕೆ ಅಷ್ಟು ಸಾಕು. ಕಾದಂಬರಿಗೆ ಸಾಲದು. ‘ದೇವದಾಸ’ದಲ್ಲಿ ಬೇಡ ಎನ್ನುವವರು ಹಿರಿಯರೇ. ಆದರೂ ಜೊತೆಯಲ್ಲಿ ಬೆಳೆದ ಪಕ್ಕದ ಮನೆಯ ಪಾರ್ವತಿ ನಡುರಾತ್ರಿ ಲೋಕಕ್ಕೆ ಅಂಜದೆ ಅವನ ಕೋಣೆಗೆ ಬಂದು ಕೇಳಿದಾಗ ಕಾಲು ಹಿಂದೆಗೆಯುವವನು ದೇವದಾಸ. ತಂದೆಯ ‘ಬೇಡ’ ಅವನೊಳಗೆ ಆಗಲೇ ಮನೆ ಮಾಡಿತ್ತು. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ತನಗೆ ಕೀಳು ಎಂದು ಕ್ಯಾಥರೀನ್ ತನ್ನ ಬಾಯಿಂದಲೇ ಹೇಳುತ್ತಾಳೆ. ಮರೆಯಲ್ಲಿ ಕೇಳಿಸಿಕೊಂಡ ಅವನು ಎದ್ದು ಹೋಗುತ್ತಾನೆ. ಅವನೇ ತಾನು ಎಂದು ಅವಳು ಹೇಳುವ ಮುಂದಿನ ಮಾತು ಅವನ ಕಿವಿಗೆ ಬೀಳುವುದಿಲ್ಲ. ಕೀಳು ಎಂಬ ಮಾತನ್ನು ಅವಳ ಬಾಯಿಗೆ ತುರುಕಿದವರು ಯಾರೂ ಆ ಕೋಣೆಯಲ್ಲಿರಲಿಲ್ಲ.

ಒಟ್ಟಿಗೆ ಬೆಳೆದವರ ಕಥೆಯಲ್ಲಿ ನಿಷೇಧಕ್ಕೆ ಇನ್ನೊಂದು ಮುಖವಿದೆ. ಬೇರೆ ಪ್ರೇಮಿಗಳು ಸೋತರೆ ಒಬ್ಬರನ್ನು ಕಳೆದುಕೊಳ್ಳುತ್ತಾರೆ, ಅತ್ತು ಮನೆಗೆ ಹೋಗುತ್ತಾರೆ. ಇವರಿಗೆ ಹೋಗಲು ಮನೆ ಉಳಿಯುವುದಿಲ್ಲ. ಅದೇ ಊಟದ ಮೇಜು, ಅದೇ ತಾಯಿ, ಅದೇ ಹಬ್ಬ. ಸೋತ ಮೇಲೂ ಎದುರುಬದುರು ಕೂತು ಉಪ್ಪು ದಾಟಿಸಬೇಕು. ಆದ್ದರಿಂದ ಇವರ ಹಿಂಜರಿಕೆ ಹೇಡಿತನವಲ್ಲ, ಲೆಕ್ಕಾಚಾರ. ತಾಯಿ ತಂದೆಯರನ್ನು ಖಳರನ್ನಾಗಿ ಮಾಡಿದ ಕೂಡಲೇ ಈ ಲೆಕ್ಕ ಸುಲಭವಾಗಿ ಕಾದಂಬರಿ ತೆಳುವಾಗುತ್ತದೆ. ಬೇಡ ಎನ್ನುವವರನ್ನೂ ಪ್ರೀತಿಸುವಂತಿರಬೇಕು.

ಒಂದು ವಿಷಯದಲ್ಲಿ ನಾನು ರಾಜಿಯಿಲ್ಲದ ಓದುಗ. ಬಾಲ್ಯವನ್ನು ಬಾಲ್ಯವಾಗಿಯೇ ಬರೆಯಬೇಕು. ಜಗಳ, ಕದ್ದ ಹಣ್ಣು, ಒಬ್ಬರ ತಪ್ಪಿಗೆ ಇನ್ನೊಬ್ಬರು ತಿಂದ ಏಟು, ಅಷ್ಟೇ. ಆಗಲೇ ಪ್ರೇಮದ ಬಣ್ಣ ಬಳಿಯುವ ಲೇಖಕರು ಮಕ್ಕಳಿಗೂ ಅನ್ಯಾಯ ಮಾಡುತ್ತಾರೆ, ತಮ್ಮ ಕಥೆಗೂ. ಇಬ್ಬರೂ ಪ್ರಾಯಕ್ಕೆ ಬಂದು, ತಮ್ಮ ನಿರ್ಧಾರದ ಬೆಲೆ ತಾವೇ ತೆರಬಲ್ಲವರಾದ ಮೇಲೆ ಬರುವ ಅರಿವಿಗೆ ಮಾತ್ರ ತೂಕವಿದೆ. ಒಬ್ಬರು ಇನ್ನೊಬ್ಬರನ್ನು ಸಾಕಿದವರಾಗಿದ್ದರೆ, ಆಳುವ ಸ್ಥಾನದಲ್ಲಿದ್ದರೆ, ಎಷ್ಟು ಚಂದದ ಗದ್ಯ ಬರೆದರೂ ನಾನು ಪುಸ್ತಕ ಮುಚ್ಚುತ್ತೇನೆ.

ಕೊನೆಗೆ ಇಂಥ ಕಾದಂಬರಿಗಳ ಅಂತ್ಯ. ಹಿಂದಿನವರಿಗೆ ಸಾವು ಕೈಗೆಟುಕುವಂತಿತ್ತು. ಬೆರ್ನಾರ್ಡಾನ್ ದ ಸೇಂಟ್‌ಪಿಯೆರ್ ಎಂಬ ಫ್ರೆಂಚ್ ಲೇಖಕನ 1788ರ ‘ಪೌಲ್ ಮತ್ತು ವರ್ಜಿನಿ’ಯಲ್ಲಿ, ಮಾರಿಷಸ್ ದ್ವೀಪದಲ್ಲಿ ಇಬ್ಬರು ತಾಯಂದಿರ ಮಡಿಲಲ್ಲಿ ಅಣ್ಣತಂಗಿಯರಂತೆ ಬೆಳೆದ ಇಬ್ಬರಲ್ಲಿ ಹುಡುಗಿಯನ್ನು ಫ್ರಾನ್ಸಿಗೆ ಕಳಿಸುತ್ತಾರೆ. ಮರಳಿ ಬರುವಾಗ ಹಡಗು ದಡದ ಕಣ್ಣೆದುರೇ ಒಡೆಯುತ್ತದೆ. 1744ರಲ್ಲಿ ಅಲ್ಲಿ ನಿಜವಾಗಿಯೇ ಒಡೆದ ಸೇಂಟ್ ಜೆರಾನ್ ಎಂಬ ಹಡಗನ್ನು ಲೇಖಕ ಕಥೆಗೆ ಎಳೆದುಕೊಂಡಿದ್ದಾನೆ. ಯೂರೋಪು ಅತ್ತಿತು. ನನಗೆ ಅನುಮಾನ, ಆ ಇಬ್ಬರೂ ಸಂಸಾರ ಹೂಡಿ ಮನೆಯ ಖರ್ಚಿಗೆ ಜಗಳವಾಡುವುದನ್ನು ಬರೆಯಲು ಅವನಿಗೆ ಮನಸ್ಸಿರಲಿಲ್ಲ.

ಈಗಿನವರು ಮದುವೆಯಲ್ಲಿ ಮುಗಿಸುತ್ತಾರೆ. ಅದೂ ಒಂದು ತಪ್ಪಿಸಿಕೊಳ್ಳುವಿಕೆ. ಗುಟ್ಟು ಬಯಲಾದ ಮರುದಿನ ಬೆಳಿಗ್ಗೆಯ ಅಧ್ಯಾಯವನ್ನು ಬರೆಯುವವರೇ ಇಲ್ಲ. ಇಬ್ಬರ ಜೊತೆ ಬೆಳೆದ ಮೂರನೆಯವರೊಬ್ಬರು ಸಾಮಾನ್ಯವಾಗಿ ಇರುತ್ತಾರೆ: ಅಕ್ಕ, ತಮ್ಮ, ನಡುವಿನ ಗೆಳೆಯ. ಎಲ್ಲ ಆಟಗಳಲ್ಲೂ ಇದ್ದವರು, ಈ ಒಂದರಲ್ಲಿ ಮಾತ್ರ ತಮ್ಮನ್ನು ಹೊರಗಿಟ್ಟಿದ್ದರು ಎಂದು ಆ ಬೆಳಿಗ್ಗೆ ಅವರಿಗೆ ತಿಳಿಯುತ್ತದೆ. ತಮ್ಮ ಬಾಲ್ಯವನ್ನೆಲ್ಲ ಅವರು ಮತ್ತೆ ಮೊದಲಿನಿಂದ ಓದಿಕೊಳ್ಳಬೇಕಾಗುತ್ತದೆ. ಈ ಇಡೀ ಕಥೆಯನ್ನು ಆ ಮೂರನೆಯವರ ಬಾಯಿಂದ ಹೇಳಿಸಿದ ಕನ್ನಡ ಕಾದಂಬರಿಯೊಂದು ಸಿಕ್ಕರೆ ಅದರ ನಾನೂರು ಪುಟವನ್ನೂ ನಾನು ದೂರದೆ ಓದುತ್ತೇನೆ.

ನಮಸ್ಕಾರ.