ವಾಯುಭಾರ ಮತ್ತು ಹವೆಯ ಬದಲಾವಣೆ

ಕೇಳುಗರೇ, ನಮಸ್ಕಾರ. ವಾಯುಭಾರ ಕುಸಿದಿದೆ, ಮಳೆಯಾಗುವ ಸಂಭವವಿದೆ ಎಂಬ ಮಾತನ್ನು ಹವಾಮಾನ ವಾರ್ತೆಯಲ್ಲಿ ಆಗಾಗ ಕೇಳಿರುತ್ತೀರಿ. ಗಾಳಿಯ ಭಾರಕ್ಕೂ ಮಳೆಗೂ ಇರುವ ಈ ನಂಟು ನಿಜವೇ, ಆದರೆ ಅದು ಅಂದುಕೊಂಡಷ್ಟು ನೇರವಾದದ್ದಲ್ಲ.

ಇಟಲಿಯ ವಿಜ್ಞಾನಿ ಟೊರಿಚೆಲ್ಲಿ 1643ರ ಸುಮಾರಿಗೆ ರೂಪಿಸಿದ ಪ್ರಯೋಗದಲ್ಲಿ, ಒಂದು ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಪಾದರಸ ತುಂಬಿ ಅದನ್ನು ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ, ಒಳಗಿನ ಪಾದರಸ ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಬಟ್ಟಲಿನ ಮೇಲೆ ಒತ್ತುವ ಗಾಳಿಯೇ ಅದನ್ನು ಹಿಡಿದು ನಿಲ್ಲಿಸಿತ್ತು. 1648ರಲ್ಲಿ ಫ್ರೆಂಚ್ ವಿಜ್ಞಾನಿ ಪಾಸ್ಕಲ್‌ನ ಕೋರಿಕೆಯಂತೆ ಅವನ ಭಾವ ಪೆರಿಯೆ ಇಂತಹ ಕೊಳವೆಯನ್ನು ಫ್ರಾನ್ಸಿನ ಪ್ಯೂಯಿ ದ ದೋಮ್ ಬೆಟ್ಟದ ಮೇಲೆ ಒಯ್ದಾಗ ಪಾದರಸ ಇಳಿಯಿತು. ಮೇಲೇರಿದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ ಎಂಬುದು ಹೀಗೆ ಖಚಿತವಾಯಿತು. ದ್ರವವೇ ಬೇಡದ, ಗಾಳಿ ತೆಗೆದ ತೆಳು ಲೋಹದ ಡಬ್ಬಿಯ ವಾಯುಭಾರ ಮಾಪಕ ಬಂದದ್ದು 1844ರಲ್ಲಿ.

ಒಂದೆಡೆ ವಾಯುಭಾರ ಕಡಿಮೆಯಾದರೆ ಸುತ್ತಲಿನ ಗಾಳಿ ಭೂಮಿಯ ಆವರ್ತನೆಯಿಂದಾಗಿ ಸುಳಿಯುತ್ತ ಅತ್ತ ಹರಿಯುತ್ತದೆ. ಅಲ್ಲಿ ಕೂಡಿದ ಗಾಳಿಗೆ ಮೇಲೇರುವುದೊಂದೇ ದಾರಿ. ಏರಿದ ಗಾಳಿ ಹಿಗ್ಗಿ ತಣಿಯುತ್ತದೆ, ಅದರೊಳಗಿನ ಆವಿ ಹನಿಗಟ್ಟಿ ಮೋಡವಾಗುತ್ತದೆ. ಹೆಚ್ಚು ಭಾರವಿರುವಲ್ಲಿ ಗಾಳಿ ಕೆಳಗಿಳಿದು ಬಿಸಿಯಾಗುವುದರಿಂದ ಸಾಮಾನ್ಯವಾಗಿ ಮೋಡ ಚದರುತ್ತದೆ.

ಹಳೆಯ ಮಾಪಕಗಳ ಮುಖದ ಮೇಲೆ ಮಳೆ, ಬಿರುಗಾಳಿ, ಒಣಹವೆ ಎಂದು ಬರೆದಿರುತ್ತಿದ್ದರು. ಅಲಂಕಾರಕ್ಕೆ ಅದು ಚೆನ್ನ, ನಂಬಿಕೆಗೆ ಅಷ್ಟಲ್ಲ. ವಾಯುಭಾರವನ್ನು ಹೆಕ್ಟೊಪಾಸ್ಕಲ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಸಮುದ್ರಮಟ್ಟದಲ್ಲಿ ಅದರ ಸರಾಸರಿ ಸುಮಾರು 1013. ತಗ್ಗುನೆಲದಲ್ಲಿ ಸುಮಾರು 8 ಮೀಟರ್ ಮೇಲೇರಿದರೆ ಅದರಲ್ಲಿ 1 ಹೆಕ್ಟೊಪಾಸ್ಕಲ್ ಕಡಿಮೆಯಾಗುತ್ತದೆ. ಹಾಗಾಗಿ ಎತ್ತರದ ಊರಿನ ಮಾಪಕವನ್ನು ಸಮುದ್ರಮಟ್ಟಕ್ಕೆ ಸರಿಹೊಂದಿಸದಿದ್ದರೆ ಅದು ವರ್ಷವಿಡೀ ಬಿರುಗಾಳಿಯನ್ನೇ ತೋರಿಸುತ್ತಿರುತ್ತದೆ! ಇನ್ನು ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಬಾರಿ, ಹತ್ತು ಗಂಟೆಯ ಸುಮಾರಿಗೆ ಏರಿ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಸಂಜೆಯ ಈ ಇಳಿತಕ್ಕೂ ಮಳೆಗೂ ಸಂಬಂಧವಿಲ್ಲ.

ಆದ್ದರಿಂದಲೇ ವೀಕ್ಷಣಾಲಯಗಳು ಅಂಕಿಯೊಂದನ್ನೇ ಬರೆದುಕೊಳ್ಳದೆ, ಮೂರು ಗಂಟೆಗಳಲ್ಲಿ ಅದು ಎಷ್ಟು ಏರಿತು ಅಥವಾ ಇಳಿಯಿತು ಎಂಬುದನ್ನೂ ದಾಖಲಿಸುತ್ತವೆ. ವಾಡಿಕೆಯ ಏರಿಳಿತವನ್ನು ಮೀರಿ ವಾಯುಭಾರ ಬೇಗಬೇಗನೆ ಕುಸಿಯತೊಡಗಿದರೆ ಚಂಡಮಾರುತ ಸಮೀಪಿಸುತ್ತಿರಬಹುದು. 1979ರಲ್ಲಿ ಶಾಂತಸಾಗರದ ಟಿಪ್ ಚಂಡಮಾರುತದ ಕೇಂದ್ರದಲ್ಲಿ 870 ಹೆಕ್ಟೊಪಾಸ್ಕಲ್ ದಾಖಲಾಗಿತ್ತು. ಆದರೂ ಬೇಸಗೆಯಲ್ಲಿ ಕಾದ ಮರುಭೂಮಿಯ ಮೇಲೆ ವಾಯುಭಾರ ಕಡಿಮೆಯಿದ್ದರೂ, ಗಾಳಿಯಲ್ಲಿ ತೇವವಿಲ್ಲದ ಕಾರಣ ಆಕಾಶ ಬರಿದಾಗಿಯೇ ಇರುತ್ತದೆ. ಮಾಪಕದ ಜೊತೆಗೆ ತೇವಾಂಶವನ್ನೂ ಗಾಳಿಯ ದಿಕ್ಕನ್ನೂ ನೋಡಲೇಬೇಕಾಗುತ್ತದೆ.