ಪಲಾವರ್ ಎಂಬ ಪಂಚಾಯ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

"ಇಷ್ಟು ಚಿಕ್ಕ ವಿಷಯಕ್ಕೆ ಅದೇನ್ರೀ ನಿಮ್ಮ ಪಂಚಾಯ್ತಿ?" ಅಂತ ನಾವು ರೇಗುತ್ತೇವಲ್ಲ, ಅಂಥ ಹೊತ್ತಿನಲ್ಲಿ ಇಂಗ್ಲಿಷಿನವರ ಬಾಯಿಗೆ ಬರುವ ಪದ 'ಪಲಾವರ್'. ತಿನ್ನುವ ಪಲಾವ್‌ಗೂ ಇದಕ್ಕೂ ನಂಟಿಲ್ಲ. ಹರಟೆ, ಮುಗಿಯದ ಮಾತು, ಸುಮ್ನೆ ಎಳೆದಾಟ, ಎಲ್ಲಕ್ಕೂ ಇದೊಂದೇ ಪದ.

ಆದರೆ ಇದರ ಮುತ್ತಜ್ಜಿ ಹರಟೆಮಲ್ಲಿಯಲ್ಲ. ಗ್ರೀಕಿನಲ್ಲಿ 'ಪಾರಾ' ಅಂದರೆ ಪಕ್ಕ, 'ಬಾಲೈನ್' ಅಂದರೆ ಎಸೆ. ಒಂದರ ಪಕ್ಕ ಇನ್ನೊಂದನ್ನು ಹಾಕಿ ನೋಡಿದರೆ 'ಪರಬೊಲೆ', ಅಂದರೆ ಹೋಲಿಕೆ. ಲ್ಯಾಟಿನ್‌ನಲ್ಲಿ ಅದು 'ಪರಬೊಲ'. ಯೇಸು ಹೇಳಿದ ಹೋಲಿಕೆ ಕತೆಗಳಿಗೆ ಚರ್ಚಿನಲ್ಲಿ ಇದೇ ಹೆಸರು. ಜನರ ಬಾಯಲ್ಲಿ ಸವೆದು ಸವೆದು ಕೊನೆಗೆ ಬರೀ 'ಮಾತು' ಅಂತ ಅರ್ಥ ಉಳಿಯಿತು. ಫ್ರೆಂಚರ 'ಪಾರ್ಲೇ', ಅಂದರೆ ಮಾತಾಡು, ಹುಟ್ಟಿದ್ದು ಇದರಿಂದಲೇ. ಅದರ ಮಗ ಪಾರ್ಲಿಮೆಂಟು. ಪಲಾವರ್‌ಗೂ ಪಾರ್ಲಿಮೆಂಟಿಗೂ ದಾಯಾದಿ ಸಂಬಂಧ! ಯಾರಿಗೂ ಅಚ್ಚರಿಯಾಗಲಿಕ್ಕಿಲ್ಲ ಬಿಡಿ.

ಪೋರ್ಚುಗೀಸರ ಬಾಯಲ್ಲಿ ರಕಾರ, ಲಕಾರ ಅದಲುಬದಲಾಗಿ 'ಪಲಾವ್ರ' ಆಯಿತು. ಅರ್ಥ ಮಾತ್ರ ಅದೇ, ಮಾತು. 1482ರಲ್ಲಿ ಅವರು ಇಂದಿನ ಘಾನಾದ ಎಲ್ಮಿನಾದಲ್ಲಿ ಕೋಟೆ ಕಟ್ಟಿದರು, ಬಂಗಾರದ ವ್ಯಾಪಾರಕ್ಕೆ. ಆ ಕರಾವಳಿಯಲ್ಲಿ ಸ್ಥಳೀಯರ ಜೊತೆ ನಡೆಯುವ ಮಾತುಕತೆಗೆ 'ಪಲಾವ್ರ' ಅಂತಲೇ ಹೆಸರು ಬಿತ್ತು. ನಮ್ಮ 'ಪಗಾರ', 'ಚಾವಿ' ಕೂಡ ಇದೇ ಜನರ ಹಡಗು ಹತ್ತಿ ಬಂದವು. ಮುಂದೆ 18ನೇ ಶತಮಾನದಲ್ಲಿ ಇಂಗ್ಲಿಷ್ ನಾವಿಕರು ಈ ಪದವನ್ನು ಊರಿಗೆ ಹೊತ್ತೊಯ್ದರು. ಭಾಷೆ ಬಾರದೆ ಪಕ್ಕದಲ್ಲಿ ಕೂತವನಿಗೆ ಎಂಥ ಮಾತುಕತೆಯೂ ಜಾಸ್ತಿಯೇ ಅನ್ನಿಸುತ್ತೆ, ಅಲ್ವಾ? ಪದಕ್ಕೆ ಕಾಡುಹರಟೆಯ ಅರ್ಥ ಅಂಟಿದ್ದು ಹೀಗೇ ಇರಬೇಕು ಅಂತ ನನ್ನ ಊಹೆ.

ಆಫ್ರಿಕಾದಲ್ಲಿ ಮಾತ್ರ ಅದರ ಮರ್ಯಾದೆ ಪೂರ್ತಿ ಹೋಗಲಿಲ್ಲ. ಲೈಬೀರಿಯಾದ ಹಳ್ಳಿಗಳಲ್ಲಿ 'ಪಲಾವರ್ ಗುಡಿಸಲು' ಇರುತ್ತದೆ. ಮೇಲೆ ಮಾಡು, ಸುತ್ತ ಬಯಲು. ಹಿರಿಯರು ಅಲ್ಲಿ ಕೂತು ಜಗಳ ಬಗೆಹರಿಸುತ್ತಾರೆ. ಥೇಟ್ ನಮ್ಮ ಅರಳಿಕಟ್ಟೆ. ಐದು ಜನ ಕೂತು ನ್ಯಾಯ ಹೇಳುತ್ತಿದ್ದ ಪಂಚಾಯ್ತಿ ನಮ್ಮ ಬಾಯಲ್ಲೂ ಬೈಗುಳವಾಗಿದೆಯಲ್ಲ, ಪಾಪ.

ಇನ್ನು ಘಾನಾದಲ್ಲಿ 'ಪಲಾವರ್ ಸಾಸ್' ಅಂತ ಒಂದು ಸಾರಿದೆ. ಕೆಸುವಿನ ಜಾತಿಯ ಸೊಪ್ಪು, ಅರೆದ ಬೀಜ, ತಾಳೆ ಎಣ್ಣೆ, ಮೀನು, ಎಲ್ಲ ಒಂದೇ ಪಾತ್ರೆಯಲ್ಲಿ ಕೊತಕೊತ ಕುದಿಯುತ್ತವೆ. ತಿನ್ನೋದಕ್ಕೂ ಇದಕ್ಕೂ ನಂಟಿಲ್ಲ ಅಂತ ಆಗಲೇ ಅಂದಿದ್ದೆ. ಆ ಮಾತು ವಾಪಸ್ ತಗೊಂಡೆ.

ನಮಸ್ಕಾರ.