ದಮ್ಮು ಬೇಗ ಬರುತ್ತೆ, ಕಾಲು ತಡ: ಕುದುರೆ ಜಂಪಿಂಗ್ ತಯಾರಿ

ಬೆಳಗ್ಗೆ 6 ಗಂಟೆ, ದಾವಣಗೆರೆ ಹೊರವಲಯ. ಬೇಸಿಗೆ ಅಲ್ವಾ, 8ರೊಳಗೆ ಕೆಲಸ ಮುಗಿಸಿ ಕುದುರೆನ ನೆರಳಿಗೆ ಕಟ್ಟಬೇಕು. ಈ ವಿಡಿಯೋದಲ್ಲಿ ಜಂಪಿಂಗ್, ಅಂದ್ರೆ ಕುದುರೆ ಮೇಲೆ ಕೂತು ಅಡ್ಡಕೋಲು ಹಾರಿಸೋದು, ನೋಡೋಕೆ ಬಂದವರಿಗೆ ಸ್ವಲ್ಪ ಬೇಜಾರಾಗಬಹುದು, ಯಾಕಂದ್ರೆ ಈ ಕುದುರೆ ಬರೀ ನಡೀತಿದೆ. ಆದ್ರೆ ತಯಾರಿಯ ಬುನಾದಿಯೇ ಇದು ನೋಡ್ರಿ.

ದಿನಾ ಕೆಲಸ ಕೊಟ್ರೆ ಕೆಲವೇ ವಾರದಲ್ಲಿ ಕುದುರೆಗೆ ದಮ್ಮು ಬರುತ್ತೆ. ಮೂಳೆ, ಟೆಂಡನ್ (ಮಾಂಸಖಂಡನ ಮೂಳೆಗೆ ಕಟ್ಟೋ ನಾರು) ಗಟ್ಟಿಯಾಗೋಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಏದುಸಿರಿಲ್ಲ, ಹುಮ್ಮಸ್ಸಿದೆ ಅಂತ ಸವಾರ ಅಡ್ಡಕೋಲಿನ ಎತ್ತರ ಏರಿಸ್ತಾನೆ, ಏಟು ಬೀಳೋದು ಮುಂಗಾಲಿಗೆ. ಹಾರಿ ಇಳಿಯುವಾಗ ಮೊದಲು ನೆಲ ಮುಟ್ಟೋದು ಒಂದೇ ಮುಂಗಾಲು, ಆ ಕ್ಷಣ ಇಡೀ ಮೈಭಾರ ಅದರ ಮೇಲೇ. 4 ವರ್ಷ ತುಂಬದ ಕುದುರೆ ಮೇಲೆ ಕೂತು ಜಿಗಿಸೋ ಮಾತೇ ಬೇಡ.

ಹಾಗಾಗಿ ಮೊದಲ 4 ವಾರ ನಡಿಗೆ. 30 ನಿಮಿಷದಿಂದ ಶುರು ಮಾಡಿ 1 ಗಂಟೆವರೆಗೆ, ವಾರಕ್ಕೆ 5 ದಿನ. ಚಿತ್ರದುರ್ಗದ ಕಡೆಯವರಿಗೆ ಗುಡ್ಡದ ಸಣ್ಣ ಏರು ಸಿಗುತ್ತೆ, ಹಿಂಗಾಲಿಗೆ ಅದಕ್ಕಿಂತ ಒಳ್ಳೆ ಕಸರತ್ತಿಲ್ಲ. 5ನೇ ವಾರದಿಂದ 2-3 ನಿಮಿಷದ ಟ್ರಾಟ್ (ಕುಲುಕು ಓಟ), ನಡುವೆ ನಡಿಗೆ, ಒಟ್ಟು ಟ್ರಾಟ್ 20 ನಿಮಿಷ ಆಗೋವರೆಗೂ ಏರಿಸ್ತಾ ಹೋಗಿ. 9ನೇ ವಾರ ಕ್ಯಾಂಟರ್, ಅಂದ್ರೆ ಟ್ರಾಟ್‌ಗಿಂತ ಜೋರಾದ ಹದವಾದ ಓಟ. ಕೆಲಸ ಆದ್ಮೇಲೆ 10 ನಿಮಿಷ ನಡೆಸಿ, ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು 15 ಸೆಕೆಂಡ್ ಎದೆಬಡಿತ ಎಣಿಸಿ, 4ರಿಂದ ಗುಣಿಸಿ. 64ಕ್ಕಿಂತ ಕೆಳಗೆ ಬಂದಿರಬೇಕು. ಬರಲಿಲ್ಲ ಅಂದ್ರೆ ಆವತ್ತಿನ ಕೆಲಸ ಜಾಸ್ತಿ ಆಯ್ತು ಅಂತ, ನಾಳೆ ಕಡಿಮೆ ಮಾಡಿ.

ಮದುವೆ ಮೆರವಣಿಗೆಯಲ್ಲಿ ಕುಣಿದ ಕುದುರೆ ತಂದಿದ್ರೆ ಇನ್ನೂ ಒಂದು ತಿಂಗಳು ಸೇರಿಸ್ಕೊಳ್ಳಿ. ತಲೆ ಮೇಲೆತ್ತಿ, ಬೆನ್ನು ತಗ್ಗಿಸಿ ಹೆಜ್ಜೆ ಹಾಕೋದು ಅದಕ್ಕೆ ರೂಢಿ. ಜಿಗಿಯೋಕೆ ಬೇಕಿರೋದು ಅದರ ಉಲ್ಟಾ: ಕುತ್ತಿಗೆ ಚಾಚಿ, ಬೆನ್ನು ದುಂಡಗೆ ಮಾಡೋದು.

ಇನ್ನು ನೆಲ. ನಮ್ಮ ಎರೆಮಣ್ಣು ಬೇಸಿಗೇಲಿ ಬಿರುಕು, ಮಳೆಗಾಲದಲ್ಲಿ ಲಾಳ ಕೀಳೋ ಅಂಟು. ಮೆಕ್ಕೆಜೋಳ ಕೊಯ್ದ ಹೊಲ ಖಾಲಿ ಇದೆ ಅಂತ ಅಲ್ಲಿ ಓಡಿಸ್ಬೇಡಿ, ಕೂಳೆ ಚುಚ್ಚುತ್ತೆ. ದುರ್ಗದ ಗರಸು ನೆಲ ಗಟ್ಟಿ, ಕಲ್ಲು ಒತ್ತಿ ಗೊರಸಿನ ಅಡಿ ಕಂದುತ್ತೆ. ಹದವಾದ ಗಟ್ಟಿ ನೆಲದ ಮೇಲೆ 2-3 ಇಂಚು ಮರಳು ಸಾಕು. ಮೆತ್ತಗಿರ್ಲಿ ಅಂತ ಮೊಳಗಟ್ಟಲೆ ಮರಳು ತುಂಬಿದ್ರೆ ಕಾಲು ಹೂತು ಟೆಂಡನ್ ಎಳೆದು ಹೋಗುತ್ತೆ.

ಈ ಶಾಟ್ ಹತ್ತಿರದಿಂದ ನೋಡಿ. ಮಂಡಿ ಕೆಳಗೆ, ಮುಂಗಾಲಿನ ಹಿಂಬದಿ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು ಮೇಲಿಂದ ಕೆಳಗೆ ಮೆಲ್ಲಗೆ ಜಾರಿಸಬೇಕು. ಒಳಗೆ ಟೆಂಡನ್ ಹಗ್ಗದ ಹಾಗೆ ಬಿಗಿಯಾಗಿ, ಅಂಚು ತೀಡಿದಂಗೆ ಸಿಗಬೇಕು. ಆಮೇಲೆ ಇನ್ನೊಂದು ಕಾಲು. ಒಂದಕ್ಕಿಂತ ಒಂದು ಬಿಸಿ ಇದ್ರೆ, ಬೆರಳಿಗೆ ಮೆತ್ತಗೆ ಊದಿದಂಗೆ ತಾಕಿದ್ರೆ, ಕುಂಟದೇ ಇದ್ರೂ ಆವತ್ತು ಜೀನು ಬೇಡ. ತಣ್ಣೀರು ಹಿಡಿದು ಡಾಕ್ಟರಿಗೆ ತೋರಿಸಿ. ದಿನಾ ಕೆಲಸಕ್ಕೆ ಮುಂಚೆ ಇದನ್ನ ಮಾಡಿ. ಕೆಲಸ ಆದ್ಮೇಲೆ ಎಲ್ಲಾ ಕಾಲೂ ಬೆಚ್ಚಗಿರುತ್ತೆ, ವ್ಯತ್ಯಾಸ ಗೊತ್ತಾಗಲ್ಲ.

ಟ್ರಾಟ್ ಹದಕ್ಕೆ ಬಂದ ಮೇಲೆ ನೆಲದ ಕೋಲುಗಳು: ಸಾಲಾಗಿ ನೆಲದಲ್ಲಿ ಮಲಗಿಸಿ ಟ್ರಾಟ್‌ನಲ್ಲಿ ದಾಟಿಸೋದು. ಬಿದಿರು ಬೇಡ, ಹಗುರ, ಒಡೆದ್ರೆ ಸಿಬಿರು. ಸರ್ವೆ ಅಥವಾ ನೀಲಗಿರಿ ಕೋಲು ಇರ್ಲಿ, ಉರುಳದಂಗೆ ಎರಡೂ ತುದಿಗೆ ಮರದ ಬೆಣೆ ಕೊಡಿ. ಕೋಲು ಉರುಳಿ ಅದರ ಮೇಲೆ ಗೊರಸಿಟ್ರೆ ಕಾಲು ತಿರುಚುತ್ತೆ. ಎತ್ತರದ ಥರೋಬ್ರೆಡ್‌ಗೆ (ರೇಸ್ ಕುದುರೆ ತಳಿ) ಕೋಲಿನ ನಡುವೆ ನಾಲ್ಕೂವರೆ ಅಡಿ, ಗಿಡ್ಡ ಮಾರ್ವಾಡಿ ತಳಿಗೆ 4 ಅಡಿ ಹತ್ತಿರ. ಟೇಪು ಹೇಳಿದ್ದಕ್ಕಿಂತ ಕಾಲು ಹೇಳಿದ್ದು ನಿಜ: ಗೊರಸು ಎರಡು ಕೋಲಿನ ನಡುಮಧ್ಯ ಬೀಳಬೇಕು. ಪದೇ ಪದೇ ಕೋಲಿಗೆ ತಾಗ್ತಿದ್ರೆ ಅಳತೆ ತಪ್ಪಿದೆ, ಕುದುರೆನ ಬೈಬೇಡಿ.

ಮೊದಲ ಜಿಗಿತ 3 ತಿಂಗಳ ಹತ್ತಿರ. ಎರಡು ಕೋಲು ಗುಣಾಕಾರ ಚಿಹ್ನೆ ಥರ, ನಡುವಿನ ಎತ್ತರ ಒಂದೂವರೆ ಅಡಿ. ನಡು ತಗ್ಗಿರೋದ್ರಿಂದ ಕುದುರೆ ತಾನಾಗೇ ಮಧ್ಯಕ್ಕೆ ಬರುತ್ತೆ. ಅದಕ್ಕೂ 8-9 ಅಡಿ ಮುಂಚೆ ನೆಲದಲ್ಲಿ ಒಂದು ಕೋಲು, ಟ್ರಾಟ್‌ನಲ್ಲೇ ಬನ್ನಿ. ಹಾರುವಾಗ ಲಗಾಮು ಜಗ್ಗಿದ್ರೆ ಬಾಯಿಗೆ ನೋವು, ಮುಂದಿನ ಸಲ ತಲೆ ಎತ್ತಿ ನುಗ್ಗುತ್ತೆ, ಇಲ್ಲಾ ನಿಂತೇ ಬಿಡುತ್ತೆ. ಹೊಸ ಸವಾರರು ಕುತ್ತಿಗೆ ಕೂದಲು ಹಿಡ್ಕೊಳ್ಳಿ, ನಾಚಿಕೆ ಏನಿಲ್ಲ. ವಾರಕ್ಕೆ ಎರಡೇ ದಿನ, ದಿನಕ್ಕೆ 15-20 ಜಿಗಿತ. ಇಷ್ಟು ಹೊತ್ತು ಚೆನ್ನಾಗಿ ಹಾರಿ ಆಮೇಲೆ ಹಿಂಗಾಲು ಕೋಲಿಗೆ ತಾಗೋಕೆ ಶುರುವಾಯ್ತಾ? ಸುಸ್ತಾಗಿದೆ, ಇಳೀರಿ.

ಮೇವು ಬೇಗ ಹೇಳ್ತೀನಿ. 400 ಕೆಜಿ ಕುದುರೆಗೆ ದಿನಕ್ಕೆ 6-8 ಕೆಜಿ ಒಣಹುಲ್ಲು, ಕಾಳು-ಹಿಂಡಿ ಎಲ್ಲಾ ಸೇರಿ ಒಂದು ಹೊತ್ತಿಗೆ 2 ಕೆಜಿ ದಾಟಬಾರದು. ಬೆವರೋ ಕಾಲಕ್ಕೆ ಉಪ್ಪು, ತೊಟ್ಟಿ ತುಂಬಾ ನೀರು. ಹುರುಳಿ ಬೇಯಿಸಿ ಹಾಕಿ. ಮೆಕ್ಕೆಜೋಳ ಇಲ್ಲಿ ಸಲೀಸಾಗಿ ಸಿಗುತ್ತೆ, ಅದೇ ತೊಂದರೆ: ಮಳೆಗೆ ನೆಂದು ಬೂಸ್ಟು ಹಿಡಿದ ಕಾಳಿನ ವಿಷ ಕುದುರೆಯ ಮಿದುಳನ್ನೇ ಕೊಳೆಸಿ ಕೊಲ್ಲುತ್ತೆ. ಅದೇ ಕಾಳು ತಿಂದು ದನ ತಡ್ಕೊಂಡಿತು ಅಂತ ಕುದುರೆಗೆ ಹಾಕಬೇಡಿ. ಒಣಗಿಸಿದ್ರೂ ಬೇಯಿಸಿದ್ರೂ ಆ ವಿಷ ಹೋಗಲ್ಲ, ಆ ಚೀಲ ಲಾಯದೊಳಗೇ ಬರಬಾರದು.